ಹಲ್ಲಿನ ಕ್ಲಿನಿಕ್‌ಗಳಲ್ಲಿ ಅಸಿಸ್ಟೆಂಟ್ ಹುಡುಗಿಯರನ್ನು ಡಾಕ್ಟ್ರು ಹೀಗೇ ನಡೆಸಿಕೊಳ್ಳೋದಾ?

ಬೆಣ್ಣೆನಗರಿ
ನನ್ನ ತಂಗಿ ದಾವಣಗೆರೆಯ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್. ಪಿಯುಸಿ ಆದ ಮೇಲೆ ಸೇರಿದವಳು, ಈಗ ಎಲ್ಲಾ ಕೆಲಸ ಕಲಿತಿದ್ದಾಳೆ. ಯಾವ ಕ್ಲಿನಿಕ್ ಅಂತ ಹೇಳಲ್ಲ, ದಯವಿಟ್ಟು ಕೇಳಬೇಡಿ. ಡಾಕ್ಟ್ರ ಕೈಗುಣ ಚೆನ್ನಾಗಿದೆ, ಪೇಷೆಂಟ್‌ಗಳು ಬಾಯ್ತುಂಬ ಹೊಗಳ್ತಾರೆ. ಒಳಗೆ ದುಡಿಯೋರಿಗೆ ಮಾತ್ರ ಬೇರೆಯೇ ಮುಖ.

ಬೆಳಿಗ್ಗೆ ಹತ್ತರಿಂದ ಒಂದೂವರೆ, ಮತ್ತೆ ಸಂಜೆ ನಾಲ್ಕೂವರೆಯಿಂದ ಒಂಬತ್ತು. ಮಧ್ಯೆ ಊರಿಗೆ ಬಂದು ಹೋಗೋಕೆ ಆಗಲ್ಲ. ಆ ಹೊತ್ತಲ್ಲಿ ಕ್ಲಿನಿಕ್ ಗುಡಿಸೋದು, ಒರೆಸೋದು, ಡಾಕ್ಟ್ರ ಮಗನ್ನ ಸ್ಕೂಲಿಂದ ಕರ್ಕೊಂಡು ಬರೋದು. ಸಂಬಳ 8,500. ಏರೋಟರ್ (ಹಲ್ಲು ಕೊರೆಯೋ ಮೆಷಿನ್) ಕೈಜಾರಿ ಬಿತ್ತು ಅಂತ ಈಗ ತಿಂಗಳಿಗೆ 1,500 ಹಿಡೀತಿದ್ದಾರೆ. ಪೇಷೆಂಟ್ ಬಾಯಿ ತೆರ್ಕೊಂಡು ಮಲಗಿರುವಾಗಲೇ "ತಲೇಲಿ ಏನು ತುಂಬ್ಕೊಂಡಿದ್ದೀಯ" ಅಂತ ಕೂಗಾಡ್ತಾರಂತೆ.

ಅದೆಲ್ಲ ಹೇಗೋ ಸಹಿಸ್ಕೊಂಡಿದ್ಲು. ಮೂರು ವಾರದ ಹಿಂದೆ ಟ್ರೇ ತೊಳೆಯುವಾಗ ಇಂಜೆಕ್ಷನ್ ಸೂಜಿ ಬೆರಳಿಗೆ ಚುಚ್ಚಿದೆ. ಓಡಿ ಹೋಗಿ ಹೇಳಿದ್ರೆ "ಏನೂ ಆಗಲ್ಲ, ಡೆಟಾಲ್ ಹಾಕ್ಕೋ, ಮುಂದಿನ ಪೇಷೆಂಟ್ ಕಳಿಸು" ಅಂದ್ರಂತೆ. ಲಸಿಕೆ ಗಿಸಿಕೆ ಏನೂ ಹಾಕಿಸಿಲ್ಲ. ಅವಳಿಗೆ ರಾತ್ರಿ ನಿದ್ದೆ ಇಲ್ಲ. ಏನು ಮಾಡಬೇಕು ಹೇಳಿ. ಸಂಬಳದಲ್ಲಿ ಹಿಡಿಯೋದು ಸರೀನಾ? ಎಲ್ಲಾ ಕಡೆ ಹೀಗೇನಾ?

ಹಳೇಪೇಟೆ ಹುಡ್ಗ
ನಾಳೆನೇ ಬಿಡಿಸಿ. ಜೀವಕ್ಕಿಂತ ಕೆಲಸ ದೊಡ್ಡದಲ್ಲ.

ತುಂಗಾತೀರ
ಬಿಡಿಸೋದು ಆಮೇಲೆ ನೋಡಿದ್ರಾಯ್ತು. ರಕ್ತ ಪರೀಕ್ಷೆ ಮಾಡ್ಸಿದ್ರಾ? ಅದನ್ನ ಮೊದಲು ಹೇಳಿ.

ಬೆಣ್ಣೆನಗರಿ
ಇಲ್ಲ. ಎಲ್ಲಿ, ಏನು ಅಂತ ಕೇಳಿ ಮಾಡಿಸಬೇಕು ಅನ್ನೋದೂ ಗೊತ್ತಿಲ್ಲ.

ಬಿಳಿಕೋಟು
ನಾನು ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರ್. ಮೊದಲು ಸೂಜಿ ವಿಷಯ, ಮಿಕ್ಕಿದ್ದೆಲ್ಲ ಆಮೇಲೆ.

ನಾಳೆ ಬೆಳಿಗ್ಗೆ ಅವಳನ್ನು ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ. "ಕೆಲಸದ ಜಾಗದಲ್ಲಿ ಸೂಜಿ ಚುಚ್ಚಿದೆ" ಅಂತ ನೇರವಾಗಿ ಹೇಳಿ. ಎಚ್‌ಐವಿ, ಮತ್ತೆ ಲಿವರ್‌ಗೆ ಬರೋ ಸೋಂಕುಗಳಾದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮೂರಕ್ಕೂ ಟೆಸ್ಟ್ ಆಗಬೇಕು. ಈಗ ಒಂದು ಸಲ, ಮತ್ತೆ ಮೂರು ತಿಂಗಳಿಗೆ, ಆರು ತಿಂಗಳಿಗೆ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೆ ಶುರು ಮಾಡಬೇಕಿತ್ತು. ಎರಡು ಗಂಟೆ ಒಳಗಾದ್ರೆ ಇನ್ನೂ ಒಳ್ಳೇದು, 28 ದಿನದ ಕೋರ್ಸ್. ಆ ಹೊತ್ತು ದಾಟಿ ಹೋಗಿದೆ. ಆದ್ರೂ ಹೆದರಬೇಡಿ. ಎಚ್‌ಐವಿ ಇರೋರ ಸೂಜಿ ಚುಚ್ಚಿದ್ರೂ ಸೋಂಕು ತಗಲೋದು ಸಾವಿರಕ್ಕೆ ಮೂರರಷ್ಟು. ನನಗೆ ಭಯ ಇರೋದು ಹೆಪಟೈಟಿಸ್ ಬಿ ಬಗ್ಗೆ. ಲಸಿಕೆ ಹಾಕಿಸದವರಿಗೆ ಸೋಂಕಿತರ ಸೂಜಿ ಚುಚ್ಚಿದ್ರೆ ನೂರಕ್ಕೆ 6ರಿಂದ 30ರವರೆಗೂ ಹೋಗುತ್ತೆ. ಟೆಸ್ಟ್‌ಗೆ ರಕ್ತ ಕೊಟ್ಟ ದಿನವೇ ಲಸಿಕೆಯ ಮೊದಲ ಡೋಸ್ ಹಾಕಿಸಿ. ಎರಡನೇದು ಒಂದು ತಿಂಗಳಿಗೆ, ಮೂರನೇದು ಆರು ತಿಂಗಳಿಗೆ.

ಇದು ಡಾಕ್ಟ್ರು ದಯೆಯಿಂದ ಮಾಡೋ ಉಪಕಾರ ಅಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಬರೆದಿದೆ: ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು, ಕೆಲಸಕ್ಕೆ ಸೇರಿದಾಗ ಮತ್ತು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು, ಗ್ಲೌಸು ಮಾಸ್ಕು ಕೊಡಬೇಕು. ಒಂದೇ ಚೇರ್ ಇರೋ ಕ್ಲಿನಿಕ್‌ಗೂ ಇದು ಅನ್ವಯ.

ಇನ್ನೊಂದು ಮಾತು. ಆ ಸೂಜಿ ಟ್ರೇನಲ್ಲಿ ಇರಲೇಬಾರದಿತ್ತು. ಇಂಜೆಕ್ಷನ್ ಕೊಟ್ಟವರೇ ಒಂದೇ ಕೈಯಲ್ಲಿ ಕ್ಯಾಪ್ ಒಳಗೆ ಸೂಜಿ ತೂರಿಸಿ, ಬಿಚ್ಚಿ, ಚೂಪು ವಸ್ತುಗಳ ಬಿಳಿ ಡಬ್ಬಿಗೆ ಹಾಕಬೇಕು. ಅದು ಡಾಕ್ಟ್ರ ಕೆಲಸ. ತೊಳೆಯೋ ಹುಡುಗಿಗೆ ಬಿಟ್ಟು ಎದ್ದು ಹೋಗೋದು ಅಪರಾಧ ಅಂತಲೇ ನಾನು ಹೇಳ್ತೀನಿ.

ತುಂಗಾತೀರ
ನಮ್ಮಕ್ಕನ ಮಕ್ಕಳಿಗೆ ಅಂಗನವಾಡೀಲೇ ಹೆಪಟೈಟಿಸ್ ಲಸಿಕೆ ಆಗಿದೆಯಲ್ಲ? ಇವರ ತಂಗಿಗೂ ಚಿಕ್ಕಂದಿನಲ್ಲಿ ಆಗಿರಬಹುದು.

ಬಿಳಿಕೋಟು
ದೇಶದ ಎಲ್ಲಾ ಕಡೆ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿದ್ದು 2011ರ ಹೊತ್ತಿಗೆ. ಈಗ ಇಪ್ಪತ್ತು ದಾಟಿದ ಹಳ್ಳಿ ಹುಡುಗಿಯರಲ್ಲಿ ಹೆಚ್ಚಿನವರಿಗೆ ಆಗಿರಲ್ಲ. ತಾಯಿ ಕಾರ್ಡ್ ಸಿಕ್ಕಿದ್ರೆ ನೋಡಿ, ಇಲ್ಲಾಂದ್ರೆ ಆಗಿಲ್ಲ ಅಂತಲೇ ಲೆಕ್ಕ.

ಸ್ವಂತ ಕ್ಲಿನಿಕ್
ಡಾಕ್ಟ್ರನ್ನ ಬೈಯೋರಿಗೆ ಏನೂ ಕಮ್ಮಿ ಇಲ್ಲ, ಸ್ವಲ್ಪ ಈ ಕಡೆ ಮಾತೂ ಕೇಳಿ. ನಾನು ತುಮಕೂರಿನವನು. ಸೂಜಿ ವಿಷಯದಲ್ಲಿ ಆ ಡಾಕ್ಟ್ರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳದ ವಿಷಯದಲ್ಲಿ ಹೊಟ್ಟೆಗೆ ಹಿಟ್ಟಿಲ್ಲದ ಡಾಕ್ಟ್ರುಗಳೂ ಇದ್ದಾರೆ. ನಮ್ಮ ರಸ್ತೆಯಲ್ಲೇ ಮೂರು ಕ್ಲಿನಿಕ್. ಚೇರ್ ಸಾಲದ ಕಂತು, ಕಂಪ್ರೆಸರ್ ರಿಪೇರಿ, ಲ್ಯಾಬ್ ಬಿಲ್, ಬಾಡಿಗೆ. ಬಿಡಿಎಸ್ (ಹಲ್ಲಿನ ಡಾಕ್ಟರ್ ಡಿಗ್ರಿ) ಮುಗಿಸಿ ಬೇರೆಯವರ ಕ್ಲಿನಿಕ್‌ನಲ್ಲಿ ದುಡಿಯೋ ಹುಡುಗ ಹುಡುಗಿಯರಿಗೇ ಮಾಲ್‌ನ ಸೇಲ್ಸ್‌ಮನ್‌ಗಿಂತ ಕಮ್ಮಿ ಕೊಡ್ತಾರೆ.

ನಾವು ಕೆಲಸ ಕಲಿಸ್ತೀವಿ. ಹಲ್ಲಿನ ಅಳತೆ ತೆಗೆಯೋ ಆಲ್ಜಿನೇಟ್ ಪುಡಿ ಗಂಟಿಲ್ಲದೆ ಕಲಸೋದರಿಂದ ಹಿಡಿದು ಕೇಸ್ ಪೇಪರ್ ಬರೆಯೋವರೆಗೆ. ಕಲಿತ ಮೇಲೆ ಎದುರುಗಡೆ ಕ್ಲಿನಿಕ್‌ನವರು ಐನೂರು ಜಾಸ್ತಿ ಅಂದ್ರೆ ಮಾರನೇ ದಿನ ಫೋನ್ ಸ್ವಿಚ್ ಆಫ್. ಹಬ್ಬದ ವಾರ ಹೇಳದೆ ರಜಾ. ನಮ್ಮ ಪಾಡು ಯಾರು ಕೇಳ್ತಾರೆ?

ಗಾಂಧಿಬಜಾರ್ ಗೃಹಿಣಿ
ಐನೂರು ರೂಪಾಯಿಗೆ ಬಿಟ್ಟು ಹೋಗ್ತಾರೆ ಅಂದ್ರೆ ಅವರಿಗೆ ಆ ಐನೂರು ಎಷ್ಟು ದೊಡ್ಡದು ಅಂತ ಯೋಚಿಸಿ ಸರ್. ನೀವೇ ಆ ಐನೂರು ಕೊಟ್ಟಿದ್ರೆ ಕಲಿತ ಕೈ ನಿಮ್ಮಲ್ಲೇ ಇರ್ತಿತ್ತು.

ಸ್ವಂತ ಕ್ಲಿನಿಕ್
ಹೇಳೋದು ಸುಲಭ ಮೇಡಂ. ಕೊಟ್ಟು ನೋಡಿದ್ದೀನಿ, ಆಮೇಲೂ ಹೋಗಿದ್ದಾರೆ.

ಲೆಕ್ಕದ ಮೇಡಂ
ಕೆಲವು ಸಣ್ಣ ಕ್ಲಿನಿಕ್‌ಗಳ ಲೆಕ್ಕಪತ್ರ ನೋಡಿಕೊಳ್ತೀನಿ, ಹಾಗಾಗಿ ಹಣದ ವಿಷಯ ಹೇಳ್ತೀನಿ.

ಕನಿಷ್ಠ ವೇತನ ಅನ್ನೋದು ಒಬ್ಬರೇ ಕೆಲಸಕ್ಕಿದ್ರೂ ಕೊಡಲೇಬೇಕು. ಕರ್ನಾಟಕದಲ್ಲಿ ವಲಯವಾರು ದರ ಇದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಏರುತ್ತೆ. ಪೂರ್ತಿ ದಿನದ ಕೆಲಸಕ್ಕೆ 8,500 ಯಾವ ವಲಯದ ದರಕ್ಕೂ ಮುಟ್ಟಲ್ಲ. ಕ್ಲಿನಿಕ್‌ಗೆ ಕಷ್ಟ ಇದೆ ಅನ್ನೋದು ಕಾನೂನಿನ ಮುಂದೆ ಉತ್ತರ ಅಲ್ಲ. ಬಾಡಿಗೆ ಕಟ್ಟೋಕೆ ಕಷ್ಟ ಅಂತ ಮಾಲೀಕನಿಗೆ ಅರ್ಧ ಕೊಡ್ತೀರಾ?

ಇನ್ನು ಏರೋಟರ್. ಕಾರಣ ಹೇಳೋಕೆ ಅವಕಾಶ ಕೊಡದೆ, ಅವರ ನಿರ್ಲಕ್ಷ್ಯದಿಂದಲೇ ಹಾಳಾಯ್ತು ಅಂತ ತೋರಿಸದೆ ಸಂಬಳದಲ್ಲಿ ಹಿಡಿಯೋ ಹಾಗಿಲ್ಲ. ಬಾಯಿಮಾತಲ್ಲಿ "ನೀನೇ ಬೀಳಿಸಿದ್ದು" ಅಂದ್ರೆ ಸಾಲದು. ಎಷ್ಟು ಹಿಡಿದ್ರು, ಯಾವ ದಿನ, ನಗದೋ ಫೋನ್‌ಪೇನೋ ಎಲ್ಲಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಾಜರಿ ಪುಸ್ತಕದ ಫೋಟೋನೂ ಇರಲಿ. ದೂರು ಕೊಡೋ ದಿನ ಬಂದ್ರೆ ಕಾರ್ಮಿಕ ನಿರೀಕ್ಷಕರ ಕಚೇರೀಲಿ ಮೊದಲು ಕೇಳೋದು ಅದನ್ನೇ.

ಹಳೇಪೇಟೆ ಹುಡ್ಗ
ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಕಟ್ಟಿಲ್ಲ ಅಂತ ಒಂದು ಕೇಸ್ ಜಡೀರಿ, ತಾನಾಗೇ ದಾರಿಗೆ ಬರ್ತಾರೆ.

ಲೆಕ್ಕದ ಮೇಡಂ
ಇಲ್ಲ, ಅದು ಹಾಗೆ ಆಗಲ್ಲ. ಇಎಸ್‌ಐ ಬರೋದು ಹತ್ತು ಜನ ಇದ್ರೆ, ಪಿಎಫ್ ಇಪ್ಪತ್ತು ಜನ ಇದ್ರೆ. ಗ್ರಾಚ್ಯುಟಿ, ಹೆರಿಗೆ ರಜೆಗೂ ಹತ್ತೇ ಲೆಕ್ಕ. ಹಲ್ಲಿನ ಕ್ಲಿನಿಕ್ ಅಂದ್ರೆ ಒಬ್ಬ ಡಾಕ್ಟ್ರು, ಇಬ್ಬರು ಅಸಿಸ್ಟೆಂಟ್, ಒಬ್ಬರು ರಿಸೆಪ್ಷನ್. ರಕ್ಷಣೆಯ ಕಾನೂನುಗಳಲ್ಲಿ ಅರ್ಧಕ್ಕರ್ಧ ಇವರನ್ನ ಮುಟ್ಟೋದೇ ಇಲ್ಲ, ನನ್ನ ಸಂಕಟ ಇರೋದು ಅಲ್ಲೇ. ಹತ್ತಾರು ಶಾಖೆ ಇರೋ ಚೈನ್ ಕ್ಲಿನಿಕ್‌ಗಳಲ್ಲಿ ಇಎಸ್‌ಐ ಕಟ್ಟಬೇಕು, ಸಂಬಳ 21,000ದವರೆಗೆ ಇರೋರಿಗೆ. 12,000 ಸಂಬಳ ಅಂದ್ಕೊಳ್ಳಿ, ಕ್ಲಿನಿಕ್ ಕಡೆಯಿಂದ 390, ಕೆಲಸದವರಿಂದ 90 ರೂಪಾಯಿ. ಅಷ್ಟಕ್ಕೆ ಆಸ್ಪತ್ರೆ ಖರ್ಚು, ಕಾಯಿಲೆ ರಜೆ ಎಲ್ಲಾ ಬರುತ್ತೆ.

ಬೆಣ್ಣೆನಗರಿ, ನಿಮ್ಮ ತಂಗಿಗೆ ಇಎಸ್‌ಐ, ಪಿಎಫ್ ಎರಡೂ ಇಲ್ಲ ಅಂದ್ರೆ ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. ದುಡ್ಡೇನೂ ಇಲ್ಲ.

ಧಾರವಾಡದಾಕಿ
ನಾನೂ ಭಾಳ ವರ್ಷ ಇದ ಕೆಲಸ ಮಾಡೀನ್ರಿ, ಈಗ ಬಿಟ್ಟು ಟೇಲರಿಂಗ್ ಹಾಕ್ಕೊಂಡೀನಿ. ಕೇಳ್ರಿ ನನ್ನ ಕಥಿ.

ಎಕ್ಸ್‌ರೇ ತಗೀಬೇಕಾದ್ರ ಫಿಲ್ಮ್ ಪೇಷೆಂಟ್ ಬಾಯಾಗ ನಾವು ನಮ್ಮ ಬೆರಳಲೇ ಹಿಡೀಬೇಕಿತ್ತು. ಸರ್ ಬಾಗಲಾ ದಾಟಿ ಹೊರಗ ನಿಂತು ಬಟನ್ ಒತ್ತಾವ್ರು, ನಾವು ಒಳಗ. ಸೀಸದ ಏಪ್ರನ್ ಒಂದ ಇತ್ತು, ಅದು ಗ್ವಾಡಿಗೆ ತೂಗಾಡ್ತಿತ್ತು. ಬಸುರಿದ್ದಾಗ "ನಾ ಒಲ್ಲೆ" ಅಂದಿದ್ದಕ್ಕ ಒಂದು ವಾರ ಮಾತಾಡಿಸಲಿಲ್ಲ.

ಚಾ ವಿಷಯ ಹೇಳಾಕ ನಾಚಿಕಿ ಬರ್ತೈತಿ. ಅವರಿಗೆ, ಭೇಟಿಗೆ ಬಂದ ಕಂಪನಿ ಹುಡುಗರಿಗೆ ಕಪ್ಪು ಬಸಿ. ನಮಗ ಪೇಷೆಂಟ್ ಬಾಯಿ ಮುಕ್ಕಳಿಸೋ ಪ್ಲಾಸ್ಟಿಕ್ ಲೋಟ. ನೀ ಯಾವ ಓಣಿಯಾಕಿ, ಅಪ್ಪ ಏನ್ ಮಾಡ್ತಾನ ಅಂತ ಮೊದಲನೇ ದಿನಾನ ಕೇಳಿದ್ರು. ಯಾಕ ಕೇಳಿದ್ರು ಅಂತ ಆ ಲೋಟ ನೋಡಿದ ಮ್ಯಾಲ ತಿಳೀತು. ಎಂಟು ತಾಸು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಒಂದ ಬಾಯಾಗ ಕೆಲಸ ಮಾಡ್ತೀವಿ, ಅಲ್ಲಿ ಮೈಲಿಗಿ ಇಲ್ಲ. ಚಾಕ್ಕ ಬಂತು ನೋಡ್ರಿ ಮೈಲಿಗಿ.

ಬಿಳಿಕೋಟು
ಅಕ್ಕ, ಓದಿ ಮೈ ಉರಿದು ಹೋಯ್ತು. ಎಕ್ಸ್‌ರೇ ಬಗ್ಗೆ ಎಲ್ಲರಿಗೂ ಗೊತ್ತಿರಲಿ: ಸಿಬ್ಬಂದಿ ಕೈಯಲ್ಲಿ ಫಿಲ್ಮ್ ಅಥವಾ ಸೆನ್ಸರ್ ಹಿಡಿಸೋದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸುರಕ್ಷತಾ ಕ್ರಮಕ್ಕೆ ಪೂರ್ತಿ ವಿರುದ್ಧ. ಹೋಲ್ಡರ್ ಅಂತ ಪ್ಲಾಸ್ಟಿಕ್ ಸಲಕರಣೆ ಬರುತ್ತೆ, ಅದನ್ನ ಪೇಷೆಂಟ್ ಹಲ್ಲಲ್ಲಿ ಕಚ್ಚಿ ಹಿಡೀತಾರೆ. ಅಂಥಾ ದುಬಾರೀನೂ ಅಲ್ಲ. ಒಬ್ಬ ಪೇಷೆಂಟ್ ಒಂದು ಸಲ ಕೂತು ಏಳ್ತಾನೆ, ಅಸಿಸ್ಟೆಂಟ್ ದಿನವೂ ಅಲ್ಲೇ ಇರ್ತಾಳೆ. ಯಾರನ್ನ ಹೆಚ್ಚು ಕಾಪಾಡಬೇಕು ಅಂತ ಇಷ್ಟು ಓದಿದವರಿಗೆ ಹೇಳಿಕೊಡಬೇಕಾ?

ಕುಡ್ಲದವ
ಎಲ್ಲರೂ ಹಾಗೆ ಇಲ್ಲ ಮಾರಾಯ್ರೆ. ನಮ್ಮ ಮನೆಯವರೆಲ್ಲ ಹೋಗುವ ಡಾಕ್ಟ್ರಮ್ಮ ಒಬ್ಬರಿದ್ದಾರೆ ಕದ್ರಿ ಕಡೆ. ಚೇರ್‌ನಲ್ಲಿ ಕೂತ ಕೂಡಲೇ ಮೊದಲು ಅಸಿಸ್ಟೆಂಟ್ ಹೆಸರು ಹೇಳಿ ಪರಿಚಯ ಮಾಡಿಸ್ತಾರೆ, "ಇವರು ನನ್ನ ಜೊತೆ ಇರ್ತಾರೆ, ನೋವಾದ್ರೆ ಇವರಿಗೆ ಕೈ ಎತ್ತಿ ತೋರಿಸಿ" ಅಂತ. ನನ್ನ ದವಡೆ ಹಲ್ಲು ಕೀಳುವಾಗ ನೋಡಿದೆ, ಡಾಕ್ಟ್ರಮ್ಮ ತಿರುಗಿ ನೋಡದೆ ಕೈ ಚಾಚಿದ್ರು, ಬೇಕಾದ ಇಕ್ಕಳ ಅಂಗೈಗೆ ಬಂದು ಕೂತಿತು. ಒಂದು ಮಾತಿಲ್ಲ. ರಕ್ತ ಬಂದ ಕಡೆ ಸಕ್ಷನ್ ಮೊದಲೇ ಹೋಗಿರ್ತದೆ. ಹಾಗೆ ಕೆಲಸ ಮಾಡುವವರ ಮೇಲೆ ಕೂಗಾಡುವ ಅಗತ್ಯವೇ ಬರುವುದಿಲ್ಲ. ಆ ಅಕ್ಕ ಅಲ್ಲಿ ಸೇರಿ ಎಷ್ಟೋ ಕಾಲ ಆಯ್ತು, ಬಿಟ್ಟು ಹೋಗಿಲ್ಲ.

ಸ್ವಂತ ಕ್ಲಿನಿಕ್
ಅಂಥವರು ಸಿಕ್ಕಿದ್ರೆ ನಾನೂ ತಲೆ ಮೇಲೆ ಇಟ್ಕೊಳ್ತೀನಿ.

ಕುಡ್ಲದವ
ಸಿಗುವುದಲ್ಲ ಡಾಕ್ಟ್ರೇ, ತಯಾರು ಮಾಡುವುದು.

ಹಾಸನದಿಂದ ಲೆಸ್ಟರ್‌ಗೆ
ನಾನು ಕರ್ನಾಟಕದಲ್ಲಿ ಬಿಡಿಎಸ್ ಮಾಡಿ ಈಗ ಇಂಗ್ಲೆಂಡ್‌ನಲ್ಲಿದ್ದೀನಿ. ಇಲ್ಲಿ ಡಾಕ್ಟರಾಗೋಕೆ ವಿದೇಶೀಯರ ನೋಂದಣಿ ಪರೀಕ್ಷೆ ಬರೀಬೇಕು, ಸೀಟು ಸಿಗೋದೇ ಕಷ್ಟ. ಅಲ್ಲೀವರೆಗೆ ಟ್ರೈನಿ ಡೆಂಟಲ್ ನರ್ಸ್ ಆಗಿ ಕೆಲಸ ಮಾಡ್ತಿದ್ದೀನಿ. ಚೇರ್‌ನ ಆ ಕಡೆಯಿಂದ ನೋಡೋ ಭಾಗ್ಯ ಸಿಕ್ಕಿದೆ, ಅದಕ್ಕೇ ಬರೀತಿದ್ದೀನಿ.

ಇಲ್ಲಿ 2008ರಿಂದ ಡೆಂಟಲ್ ನರ್ಸ್‌ಗಳೂ ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಲೇಬೇಕು, ಡಾಕ್ಟ್ರ ಹೆಸರು ಇರೋ ಸಂಸ್ಥೆಯಲ್ಲೇ. ಕಲಿಯೋ ಹಂತದಲ್ಲಿದ್ರೆ ಕೋರ್ಸ್‌ಗೆ ಸೇರಿರಬೇಕು. ಪೇಷೆಂಟ್‌ಗೆ ಚಿಕಿತ್ಸೆ ಕೊಡುವಾಗ ತರಬೇತಿ ಇರೋ ಇನ್ನೊಬ್ಬರು ಕೋಣೆಯಲ್ಲಿ ಇರಬೇಕು ಅನ್ನೋದು ಡಾಕ್ಟ್ರುಗಳಿಗೆ ಇರೋ ಮಾನದಂಡ. ಹೆಪಟೈಟಿಸ್ ಬಿ ದಾಖಲೆ ತೋರಿಸಿದ ಮೇಲೇ ನನಗೆ ಉಪಕರಣ ಮುಟ್ಟೋಕೆ ಬಿಟ್ಟಿದ್ದು. ಇಲ್ಲಿ ಸ್ವರ್ಗ ಅಂತ ಅಲ್ಲ, ನರ್ಸ್‌ಗಳ ಸಂಬಳ ಸಾಲದು ಅನ್ನೋ ಕೂಗು ಇಲ್ಲೂ ಇದೆ, ಬಿಟ್ಟು ಹೋಗೋರೂ ಇದ್ದಾರೆ. ಆದ್ರೆ ಸೂಜಿ ಚುಚ್ಚಿದ್ರೆ ಆ ಕ್ಷಣ ಕೆಲಸ ನಿಲ್ಲುತ್ತೆ, ಪುಸ್ತಕದಲ್ಲಿ ಬರೀತಾರೆ, ಫೋನ್ ಮಾಡಿ ಸಲಹೆ ಕೇಳ್ತಾರೆ.

ನಮ್ಮಲ್ಲಿ ಯಾಕೆ ಹೀಗೆ ಅಂತ ತುಂಬಾ ಯೋಚಿಸಿದ್ದೀನಿ. ನಾವು ಕಾಲೇಜಲ್ಲಿ ಅಸಿಸ್ಟೆಂಟ್ ಜೊತೆ ಕೆಲಸ ಮಾಡೋದನ್ನ ಕಲಿಯೋದೇ ಇಲ್ಲ. ಮೂರನೇ ವರ್ಷ ಪೇಷೆಂಟ್ ಮುಟ್ಟೋಕೆ ಶುರು ಮಾಡಿದ ದಿನದಿಂದ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ಉಪಕರಣ, ಹತ್ತಿಗೂ ನಾವೇ ಓಡಬೇಕು, ಸಿಮೆಂಟ್ ನಾವೇ ಕಲಸಬೇಕು. ಪಕ್ಕದಲ್ಲಿ ನಿಂತವರ ಕೈಗೆ ಏನು ಹೇಳಬೇಕು, ಹೇಗೆ ಹೇಳಬೇಕು ಅನ್ನೋ ಪಾಠವೇ ಆಗಿರಲ್ಲ. ಅದರ ಮೇಲೆ ಪೇಷೆಂಟ್ ಎದುರೇ ನಮ್ಮ ಕೇಸ್ ಶೀಟ್ ಬಿಸಾಡೋ ಮೇಷ್ಟ್ರುಗಳು. ನಾವು ಬೈಸ್ಕೊಂಡು ಕಲಿತಿದ್ದು, ಸ್ವಂತ ಬೋರ್ಡ್ ಹಾಕಿದ ಮೇಲೆ ಅದೇ ದನಿ ಬಾಯಿಗೆ ಬರುತ್ತೆ, ಎದುರಿಗೆ ಸಿಗೋದು ಪಿಯುಸಿ ಹುಡುಗಿ. ಅವಳು ತಿರುಗಿ ಮಾತಾಡಲ್ಲ ಅನ್ನೋ ಧೈರ್ಯ ಬೇರೆ. ಇದನ್ನ ಕಾಲೇಜಲ್ಲೇ ಸರಿಮಾಡದೆ ಬರೀ ಕ್ಲಿನಿಕ್‌ಗಳಿಗೆ ಬುದ್ಧಿ ಹೇಳಿದ್ರೆ ಆಗಲ್ಲ.

ತುಂಗಾತೀರ
ನಮ್ಮಲ್ಲಿ ಅಸಿಸ್ಟೆಂಟ್‌ಗೆ ನೋಂದಣಿ ಇಲ್ವಾ?

ಬಿಳಿಕೋಟು
1948ರ ದಂತವೈದ್ಯರ ಕಾಯ್ದೆಯಲ್ಲಿ ರಿಜಿಸ್ಟರ್ ಇದ್ದಿದ್ದು ಡಾಕ್ಟ್ರು, ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡೋರು), ಮೆಕ್ಯಾನಿಕ್ (ಲ್ಯಾಬ್‌ನಲ್ಲಿ ಹಲ್ಲು ತಯಾರಿಸೋರು) ಮೂವರಿಗೆ. ಹೈಜೀನಿಸ್ಟ್, ಮೆಕ್ಯಾನಿಕ್ ಎರಡೂ ಎರಡು ವರ್ಷದ ಡಿಪ್ಲೊಮಾ. ಚೇರ್ ಪಕ್ಕ ನಿಂತು ದಿನವಿಡೀ ದುಡಿಯೋ ಹುಡುಗಿಗೆ ಅದರಲ್ಲಿ ಜಾಗ ಇರಲಿಲ್ಲ. ಹತ್ತು ವರ್ಷ ದುಡಿದ್ರೂ ಅವಳ ಕೈಯಲ್ಲಿ ಒಂದು ಕಾಗದ ಇರಲ್ಲ. ಇನ್ನೊಂದು ಊರಿಗೆ ಹೋದ್ರೆ ಮತ್ತೆ ಹೊಸಬಳು, ಮತ್ತೆ ಅದೇ ಸಂಬಳ.

ಲ್ಯಾಬ್ ಮಂಜ
ಮೆಕ್ಯಾನಿಕ್ ಅಂದ್ರಲ್ಲ, ನಮ್ಮ ಕಥೆನೂ ಸ್ವಲ್ಪ ಹೇಳ್ತೀನಿ. ಕ್ಯಾಪ್, ಹಲ್ಲಿನ ಸೆಟ್ ಮಾಡೋ ಲ್ಯಾಬ್‌ನಲ್ಲಿದ್ದೀನಿ. ಅಳತೆ ತಗೊಳ್ಳುವಾಗ ಅಂಚು ಸರಿಯಾಗಿ ಬಂದಿರಲ್ಲ, ಫೋನ್ ಮಾಡಿ ಹೇಳಿದ್ರೆ "ನೀನು ನನಗೆ ಹೇಳ್ತೀಯಾ" ಅಂತಾರೆ. ಕ್ಯಾಪ್ ಕೂರಲಿಲ್ಲ ಅಂದ್ರೆ ಪೇಷೆಂಟ್ ಎದುರು "ಲ್ಯಾಬ್‌ನವರು ಕೆಡಿಸಿದ್ರು". ಬಿಲ್ ಮೂರು ನಾಲ್ಕು ತಿಂಗಳು ಬಾಕಿ. ರಾತ್ರಿ ಡಿಸ್ಕಿನ ಧೂಳು ಕುಡೀತಾ ಕೂತಿರೋರು ನಾವು. ಕೆಲವು ಡಾಕ್ಟ್ರು ಬಂಗಾರದಂಥವರು, ಲ್ಯಾಬ್‌ಗೆ ಬಂದು ಪಕ್ಕ ಕೂತು ಬಣ್ಣ ನೋಡಿ ಹೋಗ್ತಾರೆ. ಅವರ ಕೆಲಸ ನಾನು ನಿದ್ದೆಗೆಟ್ಟಾದ್ರೂ ಮುಗಿಸಿ ಕೊಡ್ತೀನಿ.

ಗಾಂಧಿಬಜಾರ್ ಗೃಹಿಣಿ
ಅಂದ ಹಾಗೆ ಕ್ಯಾಪ್‌ಗೆ ಎಷ್ಟು ತಗೊಳ್ತಾರೆ ಈಗ? ನಮ್ಮವರಿಗೆ ರೂಟ್ ಕೆನಾಲ್ ಆಗಿದೆ, ಜಿರ್ಕೋನಿಯಾ ಹಾಕಿಸಿ ಅಂತಿದ್ದಾರೆ.

ಲ್ಯಾಬ್ ಮಂಜ
ಮೇಡಂ, ಊರಿಂದ ಊರಿಗೆ ಬೇರೆ. ದವಡೆ ಹಲ್ಲಾದ್ರೆ ಲೋಹದ ಮೇಲಿನ ಪಿಂಗಾಣಿನೂ ಗಟ್ಟಿ ಇರುತ್ತೆ. ಯಾವ ಲ್ಯಾಬ್‌ದು, ವಾರಂಟಿ ಕಾರ್ಡ್ ಕೊಡ್ತಾರಾ ಕೇಳಿ.

ರಿಸೆಪ್ಷನ್ ರೇಖೆ
ಪೇಷೆಂಟ್‌ಗಳ ಬಗ್ಗೆ ಯಾರೂ ಮಾತಾಡ್ತಿಲ್ಲ! ಡಾಕ್ಟ್ರ ಎದುರು ಕೈ ಮುಗೀತಾರೆ, ಹೊರಗೆ ಬಂದು ಬಿಲ್ ನೋಡಿ ನಮ್ಮ ಮೇಲೆ ಹಾರಾಡ್ತಾರೆ. ಅಪಾಯಿಂಟ್‌ಮೆಂಟ್ ಆರಕ್ಕೆ ಕೊಟ್ರೆ ಏಳಕ್ಕೆ ಬಂದು "ನಾನು ಯಾರು ಗೊತ್ತಾ" ಅಂತಾರೆ. ಆಗ ಡಾಕ್ಟ್ರು ನಮ್ಮ ಪರ ಒಂದು ಮಾತು ಆಡಿದ್ರೆ ಸಾಕು, ಅಷ್ಟೇ ಬೇಕಿರೋದು. ಹಿಂದೆ ಇದ್ದ ಕಡೆ ಪೇಷೆಂಟ್ ಎದುರೇ ನನ್ನ ಕೈಲಿ ಸಾರಿ ಹೇಳಿಸಿದ್ರು. ಈಗಿನ ಡಾಕ್ಟ್ರು "ನಮ್ಮ ಸ್ಟಾಫ್ ಮೇಲೆ ಕೂಗೋದಾದ್ರೆ ಬೇರೆ ಕಡೆ ತೋರಿಸ್ಕೊಳ್ಳಿ" ಅಂತ ನೇರವಾಗಿ ಹೇಳ್ತಾರೆ.

ರಾತ್ರಿ ಒಂಬತ್ತೂವರೆಗೆ ಬಿಡೋ ಕ್ಲಿನಿಕ್‌ಗಳೂ ಇದನ್ನ ನೋಡ್ಲಿ. ಬಸ್ ಫ್ರೀ ಇದೆ ಸರಿ, ಆ ಹೊತ್ತಿಗೆ ಬಸ್ ಬರ್ಬೇಕಲ್ಲ. ಮತ್ತೆ ಎಷ್ಟು ಕ್ಲಿನಿಕ್‌ಗಳಲ್ಲಿ ಹುಡುಗಿಯರಿಗೆ ಟಾಯ್ಲೆಟ್ ಇದೆ ಕೇಳಿ ನೋಡಿ. ಕಾಂಪ್ಲೆಕ್ಸ್‌ದು ಬೀಗ ಹಾಕಿರುತ್ತೆ, ಬೀಗದ ಕೈ ಪಕ್ಕದ ಮೊಬೈಲ್ ಅಂಗಡಿ ಹುಡುಗರ ಹತ್ರ.

ಮಂಡ್ಯ ಮಾತು
ನಂದೊಂದು ಪ್ರಶ್ನೆ. ನನ್ ಹಲ್ಲು ಕ್ಲೀನ್ ಮಾಡಿದ್ದು ಡಾಕ್ಟ್ರಲ್ಲ, ಅಸಿಸ್ಟೆಂಟ್ ಹುಡುಗಿ. ಚೆನ್ನಾಗೇ ಮಾಡಿದ್ಲು ಕಣ್ರೀ. ಅಷ್ಟು ಕೆಲಸ ಬರೋರಿಗೆ 8,500 ಕೊಡೋದು ಅನ್ಯಾಯ ಅಲ್ವಾ?

ಬಿಳಿಕೋಟು
ಅವಳು ಹೈಜೀನಿಸ್ಟ್ ಆಗಿ ನೋಂದಣಿ ಮಾಡಿಸಿದ್ರೆ ಸರಿ. ಬರೀ ಅಸಿಸ್ಟೆಂಟ್ ಆಗಿದ್ರೆ ಸ್ಕೇಲಿಂಗ್ (ಹಲ್ಲು ಕ್ಲೀನ್) ಮಾಡೋ ಹಾಗಿಲ್ಲ, ಮಾಡಿಸಿದ ಡಾಕ್ಟ್ರು ವೃತ್ತಿ ನೀತಿಗೆ ವಿರುದ್ಧ ನಡೆದ ಹಾಗೆ. ಒಸಡಿಗೆ ಗಾಯ ಆಗಿ ಪೇಷೆಂಟ್ ಗಲಾಟೆ ಮಾಡಿದ ದಿನ "ನಾನು ಹೇಳಿರಲಿಲ್ಲ, ಅವಳೇ ಮಾಡಿದ್ದು" ಅಂತ ಕೈ ತೊಳ್ಕೊಳ್ತಾರೆ. ಹುಡುಗಿಯರು ಇದನ್ನ ಭಡ್ತಿ ಅಂದ್ಕೊಂಡು ಖುಷಿ ಪಡ್ತಾರೆ, ಪಾಪ. ಒಪ್ಕೋಬೇಡಿ ಅಂತ ಎಲ್ಲರಿಗೂ ಹೇಳ್ತೀನಿ.

ಸ್ವಂತ ಕ್ಲಿನಿಕ್
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಯಾರ ಕೈಗೂ ಸ್ಕೇಲರ್ ಕೊಡಲ್ಲ.

ಕೋಲಾರ ಕಡೆಯವಳು
ಬೈಗುಳ, ಸಂಬಳ ಬಿಟ್ಟು ಇನ್ನೊಂದು ಇದೆ. ನನ್ನ ಗೆಳತಿ ಇದ್ದ ಕ್ಲಿನಿಕ್‌ನಲ್ಲಿ ಡಾಕ್ಟ್ರು ಚೇರ್ ಹತ್ರ ಬೇಕಂತಲೇ ಮೈಗೆ ತಾಗಿಸೋದು, ರಾತ್ರಿ ಮೆಸೇಜು. ಇಬ್ಬರೇ ಇರೋ ಕ್ಲಿನಿಕ್, ಯಾರಿಗೆ ಹೇಳೋದು ಅಂತ ಬಾಯಿ ಮುಚ್ಕೊಂಡು ಬಿಟ್ಲು.

ಲೆಕ್ಕದ ಮೇಡಂ
ಹತ್ತು ಜನಕ್ಕಿಂತ ಕಮ್ಮಿ ಇರೋ ಜಾಗದವರಿಗಾಗಿಯೇ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು ಅಂತ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಹೇಳುತ್ತೆ. ಮಾಲೀಕನ ಮೇಲೇ ದೂರು ಇದ್ರೂ ಅಲ್ಲಿಗೇ ಕೊಡೋದು. ಮೂರು ತಿಂಗಳೊಳಗೆ ಬರೆದು ಕೊಡಬೇಕು, ಕಾರಣ ಇದ್ರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಆ ಮೆಸೇಜ್‌ಗಳನ್ನ ಅಳಿಸಬೇಡ ಅಂತ ಗೆಳತಿಗೆ ಇವತ್ತೇ ಹೇಳಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿದ್ರೆ ಸಮಿತಿ ವಿವರ ಕೊಡ್ತಾರೆ.

ಬೆಣ್ಣೆನಗರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಿಲ್ಲಾಸ್ಪತ್ರೆಗೆ ಹೋಗಿ ಬಂದ್ವಿ. ಮೂರೂ ಟೆಸ್ಟ್ ಸದ್ಯಕ್ಕೆ ನೆಗೆಟಿವ್, ಲಸಿಕೆ ಮೊದಲ ಡೋಸ್ ಆಯ್ತು. ಅವತ್ತು ಅವಳು ಊಟ ಮಾಡಿದ್ದು ನೋಡಿ ಅಮ್ಮನಿಗೆ ಕಣ್ಣಲ್ಲಿ ನೀರು.

ಮಾರನೇ ದಿನ ನಾನೇ ಅವಳ ಜೊತೆ ಹೋಗಿ ಡಾಕ್ಟ್ರ ಹತ್ರ ಮಾತಾಡಿದೆ, ಜಗಳ ಮಾಡ್ಲಿಲ್ಲ. 2016ರ ನಿಯಮದ ಪ್ರಿಂಟ್ ಟೇಬಲ್ ಮೇಲಿಟ್ಟೆ. ಲಸಿಕೆ ಖರ್ಚು ಕೊಡ್ತೀನಿ ಅಂದ್ರು. ಏರೋಟರ್ ದುಡ್ಡಿನ ಬಗ್ಗೆ "ನೋಡೋಣ" ಅಂದ್ರು. ಮಗನ್ನ ಕರ್ಕೊಂಡು ಬರೋಕೆ ಇನ್ನು ಕಳಿಸಲ್ಲ ಅಂತ ನಾನೇ ಹೇಳಿ ಬಂದೆ. ಸಂಬಳದ ಮಾತು ಎತ್ತಿದಾಗ ಮುಖ ಗಂಟಿಕ್ಕಿದ್ರು. ಅವಳು ಬಿಡಬೇಕು ಅಂತ ಇಲ್ಲ, ಕೆಲಸ ಇಷ್ಟ ಅಂತಾಳೆ.

ಹಳೇಪೇಟೆ ಹುಡ್ಗ
ಏರೋಟರ್ ದುಡ್ಡು ಬಿಡಬೇಡಿ. "ನೋಡೋಣ" ಅಂದ್ರೆ ಕೊಡಲ್ಲ ಅಂತಲೇ ಅರ್ಥ.

ಲೆಕ್ಕದ ಮೇಡಂ
ಬರವಣಿಗೆಯಲ್ಲಿ ಕೇಳಿ. ವಾಟ್ಸಾಪ್ ಮೆಸೇಜ್ ಆದ್ರೂ ಸಾಕು, "ಈ ತಿಂಗಳು 1,500 ಹಿಡಿದಿದ್ದೀರಿ, ವಾಪಸ್ ಕೊಡಿ" ಅಂತ. ಬೇರೇನೂ ಸೇರಿಸಬೇಡಿ.

ಧಾರವಾಡದಾಕಿ
ಅಣ್ಣ ಜೋಡಿ ಬಂದು ಮಾತಾಡಿದ್ದು ಭಾಳ ಚಲೋ ಆತು. ಆದ್ರ ಹುಡುಗಿ ಮ್ಯಾಲ ಸೇಡು ತೀರಿಸ್ಕೊಳ್ಳಾಕ ಹತ್ತಿದ್ರ ಗೊತ್ತಾಗಬೇಕು. ದಿನಾ ಸಂಜಿಗೆ ಕೇಳ್ರಿ ಆಕಿನ್ನ. ತಾನಾಗಿ ಹೇಳೂದಿಲ್ಲ.

ಸ್ವಂತ ಕ್ಲಿನಿಕ್
ನಮ್ಮಲ್ಲಿರೋ ಇಬ್ಬರಿಗೂ ಲಸಿಕೆ ಮೂರು ಡೋಸ್ ಆಗಿದೆ, ಆದ್ರೆ ಟೈಟರ್ (ಲಸಿಕೆಯಿಂದ ಎಷ್ಟು ರಕ್ಷಣೆ ಬಂದಿದೆ ಅನ್ನೋ ರಕ್ತ ಪರೀಕ್ಷೆ) ನೋಡಿಲ್ಲ. ತುಂಬಾ ಹಿಂದೆ ಹಾಕಿಸಿದ್ದು. ಈಗ ನೋಡಿದ್ರೆ ಪ್ರಯೋಜನ ಇದೆಯಾ ಬಿಳಿಕೋಟು ಅವರೇ?

ಬಿಳಿಕೋಟು
ಮಾಡಿಸಿ. ಸಾಮಾನ್ಯವಾಗಿ ಮೂರನೇ ಡೋಸ್ ಆದ ಒಂದೆರಡು ತಿಂಗಳಲ್ಲಿ ನೋಡಬೇಕು. 10 ಅಥವಾ ಅದಕ್ಕಿಂತ ಹೆಚ್ಚಿದ್ರೆ ರಕ್ಷಣೆ ಇದೆ. ವರ್ಷಗಳಾದ ಮೇಲೆ ಕಮ್ಮಿ ತೋರಿಸಿದ್ರೆ ಒಂದು ಡೋಸ್ ಕೊಟ್ಟು, ತಿಂಗಳು ಬಿಟ್ಟು ಮತ್ತೆ ನೋಡಿ. ರಿಪೋರ್ಟ್‌ನ ಮೂಲ ಪ್ರತಿ ಅವರ ಕೈಗೇ ಕೊಡಿ, ನಿಮ್ಮ ಫೈಲ್‌ಗೆ ಜೆರಾಕ್ಸ್ ಸಾಕು. ನಾಳೆ ಬೇರೆ ಕಡೆ ಸೇರಿದ್ರೂ ಅವರಿಗೆ ಬೇಕಾಗುತ್ತೆ. ಬೆಣ್ಣೆನಗರಿ, ನಿಮ್ಮ ತಂಗಿಗೂ ಇದೇ. ಎರಡನೇ ಡೋಸ್ ತಾರೀಖು ಫೋನ್‌ನಲ್ಲಿ ಅಲಾರಂ ಇಡಿ.